ದೇಶವಿಲ್ಲದವರ ಮೊದಲ ಗೋಲು

ನಮ್ಮ ಜೊಯಿಡಾದಿಂದ ದಾಂಡೇಲಿ, ಹಳಿಯಾಳ ದಾಟಿ ಮುಂಡಗೋಡಕ್ಕೆ ಹೋದರೆ ಕೆಂಪು ನಿಲುವಂಗಿಯ ಬೌದ್ಧ ಭಿಕ್ಷುಗಳು ಕಾಣುತ್ತಾರೆ. ಅಲ್ಲಿ ಟಿಬೆಟಿಯನ್ನರು ನೆಲೆಸಲು ಶುರುಮಾಡಿದ್ದು 1966ರಲ್ಲಿ. ಅಜ್ಜ-ಅಜ್ಜಿಯರಿಗೆ ಆ ದಿನಗಳ ನೆನಪಿರಬಹುದು. ಈ ಜನರಿಗೆ ಫುಟ್‌ಬಾಲ್ ಎಂದರೆ ಬಲು ಪ್ರೀತಿ.

ಮಕ್ಕಳೇ, 2001ರ ಜೂನ್ 30ರಂದು ಟಿಬೆಟಿಯನ್ನರ ತಂಡವೊಂದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪಂದ್ಯ ಆಡಿತು. ಆಟಗಾರರು ತಾಯ್ನಾಡಿನಿಂದ ದೂರ, ವಲಸೆಯ ನೆಲೆಗಳಲ್ಲಿ ಬದುಕು ಕಟ್ಟಿಕೊಂಡವರು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕಲ್ಲ? ದೇಶವೇ ಕೈತಪ್ಪಿದವರಿಗೆ ಅದನ್ನು ಕೊಡುವವರು ಯಾರು? ಭಾರತ ಸರ್ಕಾರ ಕೊಡುವ ಹಳದಿ ಗುರುತಿನ ಪುಸ್ತಕವೇ ಇಲ್ಲಿನವರಿಗೆ ಆಧಾರ. ಅದನ್ನು ಹಿಡಿದು ವೀಸಾಕ್ಕೆ ಕಾಯಬೇಕು. ಇತ್ತ ಪಂದ್ಯ ನಡೆಯಲೇಕೂಡದು ಎಂದು ಚೀನಾ ಪಟ್ಟು ಹಿಡಿದಿತ್ತು.

ಎದುರಾಳಿ ಗ್ರೀನ್‌ಲ್ಯಾಂಡ್. ಅದು ಹಿಮದ ನಾಡು. ಆಟದ ಮೈದಾನಕ್ಕೆ ಹುಲ್ಲು ಬೆಳೆಸುವುದೇ ಕಷ್ಟ! (ಜೊಯಿಡಾದ ಮಳೆಗಾಲದಲ್ಲಿ ನಮಗೆ ಹುಲ್ಲು ಕೊಯ್ದು ಸಾಕಾಗುತ್ತದೆ.) ಆ ದ್ವೀಪದವರು ಸೀಗಡಿ ಮಾರಿ ಬದುಕುವವರು. ಆಡಿದರೆ ಚೀನಾದ ಜೊತೆಗಿನ ಸೀಗಡಿ ವ್ಯಾಪಾರಕ್ಕೇ ಕುತ್ತು ಎಂಬ ಅಂಜಿಕೆ ಅವರಿಗೆ. ಆದರೂ ಆಡಿದರು. ನನಗಂತೂ ಇದೇ ದೊಡ್ಡ ಸಂಗತಿ.

ಗ್ಯಾಲರಿಯಲ್ಲಿ ಟಿಬೆಟಿನ ಬಾವುಟಗಳು, ಸಾವಿರಾರು ಜನ. ಮೊದಲ ಗೋಲು ಯಾರದು ಗೊತ್ತೇ? ಟಿಬೆಟಿನದು! ಹೊಡೆದವರು ಲೋಬ್ಸಾಂಗ್ ನೋರ್ಬು. ಆಮೇಲೆ ಗ್ರೀನ್‌ಲ್ಯಾಂಡಿನವರು ಒಂದರ ಹಿಂದೆ ಒಂದು ಗೋಲು ಹೊಡೆದು 4–1ರಿಂದ ಗೆದ್ದರು. ಸೋತ ಈ ತಂಡದ ಬಗ್ಗೆ ಮುಂದೆ ಒಂದು ಸಾಕ್ಷ್ಯಚಿತ್ರವೇ ಬಂತು.

ಮುಂಡಗೋಡದ ಕಡೆ ಹೋದಾಗ ಅಲ್ಲಿನ ಹಿರಿಯರನ್ನು ಆ ಮೊದಲ ಗೋಲಿನ ಬಗ್ಗೆ ಕೇಳಿ ನೋಡಿ. ಉಳಿದ ನಾಲ್ಕನ್ನು ಕೇಳುವುದು ಬೇಡ!