ಶ್ಲೇಷವೋ, ಅಶ್ಲೀಲವೋ?

೨೦೨೨ರಲ್ಲಿ ತೆರೆಕಂಡ ‘ತೋತಾಪುರಿ’ ಎಂಬ ಹಾಸ್ಯಚಿತ್ರವು ಹಿಂದೂ-ಮುಸಲ್ಮಾನರ ಸೌಹಾರ್ದವೆಂಬ ಉದಾತ್ತ ವಸ್ತುವನ್ನು ಕೈಗೊಂಡಿತ್ತು. ಜಗ್ಗೇಶರಂಥ ನುರಿತ ನಟರೂ, ‘ಸಿದ್ಲಿಂಗು’ (೨೦೧೨) ಚಿತ್ರದ ವಿಜಯಪ್ರಸಾದರಂಥ ನಿರ್ದೇಶಕರೂ ಇದ್ದರು. ಆದರೂ ಆ ವಸ್ತುವು ದ್ವ್ಯರ್ಥದ ಮಾತುಗಳ ರಾಶಿಯಲ್ಲಿ ಹೂತುಹೋಯಿತೆಂಬುದು ವಿಷಾದದ ಸಂಗತಿಯು.

ಇದೂ ಶ್ಲೇಷವೇ ಅಲ್ಲವೇ ಎಂದು ವಾದಿಸುವವರುಂಟು. ಅಲ್ಲ. ಶ್ಲೇಷದಲ್ಲಿ ಎರಡರ್ಥಗಳೂ ಪ್ರಕೃತವನ್ನು ಪೋಷಿಸುವುವು; ಇಲ್ಲಿ ಎರಡನೆಯದು ಮೊದಲನೆಯದನ್ನು ನುಂಗುವುದು. ವ್ರೀಡೆಯನ್ನುಂಟುಮಾಡುವ ಮಾತನ್ನು ಆಲಂಕಾರಿಕರು ಅಶ್ಲೀಲದೋಷವೆಂದೇ ಎಣಿಸಿರುವರು.

ವಯಸ್ಕರಿಗೆ ಒಪ್ಪುವುದನ್ನು ಮಕ್ಕಳ ಮುಂದೇಕೆ ಹಚ್ಚಬೇಕೆಂಬ ಸಮಾಧಾನವೂ ಸಲ್ಲದು. ಸಕಲೇಶಪುರ-ಆಲೂರು ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಅಜ್ಜಿ, ಸೊಸೆ, ಮೊಮ್ಮಕ್ಕಳು ಒಂದೇ ಟೀವಿಯ ಮುಂದೆ ಕೂರುವರು. ಅಲ್ಲಿ ಟಿಕೀಟು ಹರಿಯುವವನಿಲ್ಲ, ವಯಸ್ಸು ಕೇಳುವವನೂ ಇಲ್ಲ. ಒಬ್ಬರ ಮುಖವನ್ನೊಬ್ಬರು ನೋಡಲಾರದೆ ತಲೆತಗ್ಗಿಸಿದ ಮೇಲೆ ನಗೆಯೆಲ್ಲಿಂದ ಬಂದೀತು?

ಫಣಿ ರಾಮಚಂದ್ರರ ‘ಗಣೇಶನ ಮದುವೆ’ (೧೯೯೦) ಒಂದು ವಠಾರದ ಜಗಳದಿಂದಲೇ ಮನೆಮಂದಿಯನ್ನೆಲ್ಲ ನಗಿಸಲಿಲ್ಲವೇ? ಕನ್ನಡದಲ್ಲಿ ನಗೆಗೆ ಬರವಿಲ್ಲ. ಬರವಿರುವುದು ಬರೆಯುವವರ ಶ್ರಮಕ್ಕೆ. ಆ ಶ್ರಮವನ್ನು ಪಡದೆ ತೆಗೆದ ಚಿತ್ರವನ್ನು ಗೃಹಸ್ಥರು ಮನೆಯೊಳಕ್ಕೆ ಬಿಡದಿರುವುದೇ ಲೇಸು.