ಕಸಿಯ ಬಳಿಕ ರಕ್ತದ ಲೆಕ್ಕ

ಮೂತ್ರಪಿಂಡವು ರಕ್ತವನ್ನು ಶೋಧಿಸುವ ಅಂಗ ಮಾತ್ರವಲ್ಲ. ಅದು ಸ್ರವಿಸುವ ಎರಿತ್ರೋಪೊಯೆಟಿನ್ ಹಾರ್ಮೋನೇ ಕೆಂಪು ರಕ್ತಕಣಗಳನ್ನು ಉತ್ಪಾದಿಸುವಂತೆ ಅಸ್ಥಿಮಜ್ಜೆಯನ್ನು ಪ್ರೇರೇಪಿಸುತ್ತದೆ. ಡಯಾಲಿಸಿಸ್ ಈ ಹಾರ್ಮೋನಿನ ಕೊರತೆಯನ್ನು ತುಂಬಲಾರದು. ಯಶಸ್ವಿ ಕಸಿಯ ಬಳಿಕ ಸಾಮಾನ್ಯವಾಗಿ ಎರಡು-ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಚೇತರಿಸಿಕೊಳ್ಳುತ್ತದೆ. ಆದರೆ ಕಬ್ಬಿಣಾಂಶದ ಕೊರತೆ, ಸೋಂಕು, ಕೆಲವೊಮ್ಮೆ ಅಂಗ ತಿರಸ್ಕಾರ ತಡೆಯುವ ಔಷಧಗಳೇ ಅದಕ್ಕೆ ಅಡ್ಡಿಯಾಗುತ್ತವೆ. ಇನ್ನು ಕೆಲವರಲ್ಲಿ ರಕ್ತಕಣಗಳು ಮಿತಿಮೀರಿ ಹೆಚ್ಚಿ, ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ರೋಗಿಗೆ ಕಸಿಯೆಂದರೆ ಮಣಿಪಾಲ, ಬೆಂಗಳೂರಿನಂಥ ದೂರದ ಊರಿನ ದಾರಿ. ಶಸ್ತ್ರಚಿಕಿತ್ಸೆ ಅಲ್ಲಿಯೇ ನಡೆಯಲಿ. ಆದರೆ ನಂತರದ ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಪರೀಕ್ಷೆಗಳನ್ನು ತಾಲ್ಲೂಕು ಆಸ್ಪತ್ರೆಯೇ ನಡೆಸಿ, ವರದಿಯನ್ನು ಕಸಿ ತಜ್ಞರಿಗೆ ತಲುಪಿಸುವ ಹೊಣೆ ಹೊರಬೇಕೆಂಬುದು ನನ್ನ ವಾದ. 2022ರಲ್ಲಿ ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ದನಿ ಎತ್ತಿದರು. ಆ ಬೇಡಿಕೆ ನ್ಯಾಯಯುತ. ಆದರೆ ಈ ಹೊಣೆಗೆ ಹೊಸ ಕಟ್ಟಡ ಬೇಕಿಲ್ಲ; ಸರ್ಕಾರದ ಒಂದು ಸ್ಪಷ್ಟ ಆದೇಶ ಸಾಕು.