ಅನುಭವಿಗಳಿಗೂ ಪಾಠ ಬೇಕು

ಸ್ವಂತ ಮನೆಯೆಂಬುದು ಗೃಹಸ್ಥನ ಜೀವಮಾನದ ಮಹಾಸಂಕಲ್ಪವು. ಸಂಬಳದಲ್ಲಿ ತಿಂಗಳು ತಿಂಗಳೂ ಅಷ್ಟಿಷ್ಟು ಉಳಿಸಿ, ಸಾಲದುದಕ್ಕೆ ಮನೆಯಾಕೆಯ ಒಡವೆಯನ್ನು ಒತ್ತೆಯಿಟ್ಟು, ಗೃಹನಿರ್ಮಾಣ ಸಹಕಾರ ಸಂಘಕ್ಕೆ ನಿವೇಶನದ ಹಣವನ್ನು ಕಟ್ಟುವ ಗುಮಾಸ್ತನಾಗಲಿ ಉಪಾಧ್ಯಾಯನಾಗಲಿ ತನ್ನ ಸರ್ವಸ್ವವನ್ನೂ ಒಪ್ಪಿಸುವುದು ಆ ಸಂಘದ ನಿರ್ದೇಶಕ ಮಂಡಳಿಯ ಕೈಗೆ. ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ ಕುರುಗೋಡುಗಳಂತಹ ಬೆಳೆಯುತ್ತಿರುವ ಊರುಗಳಲ್ಲಾಗಲಿ, ಇಂತಹ ಮಂಡಳಿಗಳಲ್ಲಿ ಕುಳಿತುಕೊಳ್ಳುವವರು ಅನ್ಯರಲ್ಲ. ನಮ್ಮ ನಿಮ್ಮಂತಹ ಗೃಹಸ್ಥರೇ. ಆದುದರಿಂದ ಈ ತಿಂಗಳು ವಾಚಕರ ಮುಂದೆ ಒಂದು ಪ್ರಶ್ನೆಯನ್ನಿಡುತ್ತೇವೆ: ಹತ್ತು ಹದಿನೈದು ವರ್ಷ ನಿರ್ದೇಶಕರಾಗಿದ್ದವರಿಗೆ ಮತ್ತೆ ಪಾಠ ಬೇಕೇ?

“ಇಷ್ಟು ಕಾಲ ಸಂಘವನ್ನು ನಡೆಸಿದವರಿಗೆ ಯಾರು ಏನನ್ನು ಕಲಿಸಬೇಕು?” ಎಂಬ ಮಾತು ಎಲ್ಲೆಡೆಯೂ ಕೇಳಿಬರುವುದು. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾಗಿದೆ. ಹೊಸ ನಿರ್ದೇಶಕನಿಗೆ ತಾನು ಅರಿಯೆನೆಂಬುದು ಗೊತ್ತಿರುತ್ತದೆ. ಅವನು ಕೇಳಿ ತಿಳಿಯುತ್ತಾನೆ. ಹಳಬನಾದರೋ ತಾನು ಮಂಡಳಿಗೆ ಬಂದ ವರ್ಷದ ಕಾನೂನನ್ನೇ ಇಂದಿನ ಕಾನೂನೆಂದು ನಂಬಿರುತ್ತಾನೆ. ಅದಕ್ಕಿಂತಲೂ ಮಿಗಿಲಾದ ಅಪಾಯವೊಂದುಂಟು: ಅವನ ಹಿರಿತನಕ್ಕೆ ಅಂಜಿ ಉಳಿದವರು ಪ್ರಶ್ನಿಸುವುದನ್ನೇ ಬಿಡುತ್ತಾರೆ. ವಿದ್ಯೆಗೆ ಓದುವುದು, ಅರಿಯುವುದು, ಆಚರಿಸುವುದು, ಇತರರಿಗೆ ಹೇಳುವುದು ಎಂಬ ನಾಲ್ಕು ಅವಸ್ಥೆಗಳನ್ನು ನಮ್ಮ ಹಿರಿಯರು ಎಣಿಸಿದ್ದಾರೆ. ನಾಲ್ಕನೆಯದಕ್ಕೆ ಏರಿದವನು ಮೊದಲನೆಯದನ್ನು ಬಿಟ್ಟರೆ ಮಿಕ್ಕ ಮೂರೂ ಬಾಡುವುವು.

ಸಹಕಾರವನ್ನು ಆರಂಭಿಸಿದವರು ಇದನ್ನು ಚೆನ್ನಾಗಿ ಅರಿತಿದ್ದರು. ಇಂಗ್ಲೆಂಡಿನ ರಾಚ್‌ಡೇಲಿನ ನೇಯ್ಗೆಯವರೂ ಇತರ ಶ್ರಮಿಕರೂ 1844ರಲ್ಲಿ ಸಂಘವನ್ನು ಕಟ್ಟಿದ ಮೇಲೆ ಅಂಗಡಿಯೊಡನೆ ಓದುವ ಕೋಣೆಯನ್ನೂ ನಡೆಸಿದರು. ನಮ್ಮ ನಾಡಿನಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘಕ್ಕೆ ಅಸ್ತಿಭಾರವನ್ನು ಹಾಕಿದರು. ಬೆಂಗಳೂರಿನಲ್ಲಿ 1909ರಲ್ಲಿ ಮನೆ ಕಟ್ಟುವವರ ಸಹಕಾರ ಸಂಘವು ಹುಟ್ಟಿತು. ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಕನ್ನಡ ಕರಾವಳಿಯಿಂದ ಹೋಗಿ ನೆಲೆಸಿದ ಸಾರಸ್ವತ ಕುಟುಂಬಗಳಿಗಾಗಿ 1915ರಲ್ಲಿ ಗೃಹಸಂಘವನ್ನು ಸ್ಥಾಪಿಸಿದರು. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು 1995ರಲ್ಲಿ ಸಾರಿದ ಏಳು ತತ್ತ್ವಗಳಲ್ಲಿ ಐದನೆಯದು ಶಿಕ್ಷಣ. ಅದರಲ್ಲಿ ಸದಸ್ಯರಿಗೂ ನೌಕರರಿಗೂ ಮಾತ್ರವಲ್ಲದೆ ಚುನಾಯಿತ ಪ್ರತಿನಿಧಿಗಳಿಗೂ ತರಬೇತಿ ಬೇಕೆಂದು ಸ್ಪಷ್ಟವಾಗಿ ಹೇಳಿದೆ.

ನಮ್ಮ ಜಿಲ್ಲೆಯ ಮಟ್ಟಿಗೆ ನೋಡಿದರೆ ಇದರ ಅಗತ್ಯವು ಇನ್ನೂ ವಿಶದವಾಗುವುದು. ಬಳ್ಳಾರಿಯು 1953ನೆಯ ಇಸವಿ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತದಲ್ಲಿತ್ತು. ಇಲ್ಲಿಯ ಹಳೆಯ ಸಂಘಗಳು ಮದರಾಸಿನ 1932ರ ಕಾಯಿದೆಗೆ ಒಳಪಟ್ಟಿದ್ದುವು. ಆಮೇಲೆ 1959ರ ಸಹಕಾರ ಸಂಘಗಳ ಕಾಯಿದೆಯು ಬಂದಿತು. 2012ರಲ್ಲಿ ಸಂವಿಧಾನದ 97ನೆಯ ತಿದ್ದುಪಡಿಯು ಜಾರಿಯಾಗಿ ಸಹಕಾರ ಸಂಘವನ್ನು ಕಟ್ಟುವುದು ಮೂಲಭೂತ ಹಕ್ಕಾಯಿತು. ಅದರ ಒಂದು ಭಾಗವು ಬಹುರಾಜ್ಯ ಸಂಘಗಳಿಗೆ ಮಾತ್ರ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಮಾನಿಸಿತು. ಇದರ ನಡುವೆ 2016ರ ರಿಯಲ್ ಎಸ್ಟೇಟ್ ಕಾಯಿದೆಯು ಗೃಹನಿರ್ಮಾಣ ಸಹಕಾರ ಸಂಘವನ್ನೂ ಪ್ರವರ್ತಕರ ಪಂಕ್ತಿಯಲ್ಲಿ ಕೂರಿಸಿತು. ಈ ಕಾಯಿದೆಗೆ ಒಳಪಟ್ಟ ಯೋಜನೆಯಲ್ಲಿ ಹಂಚಿಕೆದಾರರಿಂದ ಬಂದ ಹಣದ ನೂರಕ್ಕೆ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಭೂಮಿಗೂ ನಿರ್ಮಾಣಕ್ಕೂ ಮಾತ್ರ ಬಳಸತಕ್ಕದ್ದು. 2010ರಲ್ಲಿ ಮಂಡಳಿಯನ್ನು ಪ್ರವೇಶಿಸಿ ಆಮೇಲೆ ಏನನ್ನೂ ಓದದ ಸಜ್ಜನನು, ಒಂದು ಬಡಾವಣೆಯ ಹಣದಿಂದ ಇನ್ನೊಂದರ ಸಾಲವನ್ನು ತೀರಿಸಿ, “ಮೊದಲಿನಿಂದಲೂ ಹೀಗೆಯೇ ನಡೆದಿದೆ” ಎಂದರೆ ಅವನ ಪ್ರಾಮಾಣಿಕತೆಯು ಅವನನ್ನು ಕಾಯಲಾರದು.

ಇನ್ನು ಭೂಮಿಯ ವಿಚಾರ. ತುಂಗಭದ್ರೆಯ ಕಾಲುವೆಗಳಿಂದ ಭತ್ತ ಬೆಳೆಯುವ ಸಿರುಗುಪ್ಪದ ಕಡೆಯ ಎರೆಭೂಮಿಯು ನೀರುಂಡಾಗ ಉಬ್ಬಿ, ಬೇಸಗೆಯಲ್ಲಿ ಬಿರಿಯುವುದು. ಸಾಮಾನ್ಯ ಅಡಿಪಾಯದ ಮೇಲೆ ಕಟ್ಟಿದ ಗೋಡೆಗಳು ಅದರೊಡನೆಯೇ ಸೀಳುವುವು. ಕುರುಗೋಡಿನ ಬಂಡೆಗುಡ್ಡಗಳ ಬುಡದ ನೆಲದ ಗುಣವೇ ಬೇರೆ. ನಿರ್ದೇಶಕನು ಇಂಜಿನಿಯರನಾಗಬೇಕಾಗಿಲ್ಲ, ಆದರೆ ಕ್ರಯಕ್ಕೆ ಮುಂಚೆ ಮಣ್ಣಿನ ಪರೀಕ್ಷೆಯಾಯಿತೇ, 1964ರ ಭೂಕಂದಾಯ ಕಾಯಿದೆಯಂತೆ ಕೃಷಿಭೂಮಿಯ ಪರಿವರ್ತನೆಯಾಯಿತೇ, ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಮಂಜೂರಾತಿ ಬಂದಿತೇ, ಮಾರುವವನು ಮಂಡಳಿಯಲ್ಲಿ ಯಾರಿಗಾದರೂ ಬಂಧುವೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲು ಕಲಿತಿರಬೇಕು.

ಲೆಕ್ಕದ ವಿಚಾರದಲ್ಲಿಯೂ ಹೀಗೆಯೇ. ಜಮಾ-ಖರ್ಚಿನ ಪಟ್ಟಿಯನ್ನು ಅನೇಕರು ಓದಬಲ್ಲರು. ಅಢಾವೆ ಪತ್ರಿಕೆಯನ್ನು ಓದಬಲ್ಲವರು ವಿರಳ. ಸದಸ್ಯರು ಕಟ್ಟಿದ ಮುಂಗಡವು ಸಂಘದ ಆದಾಯವಲ್ಲ, ಸಂಘದ ಮೇಲಿನ ಋಣ. ಬ್ಯಾಂಕಿನಲ್ಲಿ ಹಣ ತುಂಬಿರುವುದನ್ನು ನೋಡಿ ಸಂಘವು ಸಂಪನ್ನವಾಗಿದೆಯೆಂದು ಹಿಗ್ಗುವ ಮಂಡಳಿಯು, ಸಾಲ ತಂದ ಹಣದಿಂದ ಹಬ್ಬ ಮಾಡುವ ಮನೆಯಂತೆ. ಸಂಘದ ಹಣವು ದುರುಪಯೋಗವಾದರೆ ಸಹಕಾರ ಕಾಯಿದೆಯ 69ನೆಯ ಪ್ರಕರಣದ ಮೇರೆಗೆ ಆ ನಷ್ಟವನ್ನು ಹೊಣೆಗಾರನಾದ ನಿರ್ದೇಶಕನಿಂದಲೇ ವಸೂಲು ಮಾಡಬಹುದೆಂಬುದನ್ನು ಅವನೂ ಅವನ ಮನೆಯವರೂ ಅರಿತಿರುವುದು ಒಳ್ಳೆಯದು.

ಅರಿಯದ ಮಂಡಳಿಯು ಮಧ್ಯವರ್ತಿಯನ್ನು ನಂಬುವುದು. ಬೆಂಗಳೂರಿನ ಎಚ್.ಎಂ.ಟಿ. ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣವು ಪ್ರಸಿದ್ಧವಾಗಿದೆ. ಸರ್ಕಾರದಿಂದ ಭೂಸ್ವಾಧೀನವನ್ನು ಮಾಡಿಸಿಕೊಡುವುದಕ್ಕೆ ಸಂಘವು ಮಧ್ಯವರ್ತಿಯೊಬ್ಬನೊಡನೆ ಕರಾರು ಮಾಡಿಕೊಂಡಿದ್ದಿತು. ಆ ಸ್ವಾಧೀನವು ರದ್ದಾದುದನ್ನು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ನ್ಯಾಯಾಲಯದ ಮೆಟ್ಟಿಲುಗಳಲ್ಲಿ ವರ್ಷಗಳು ಕಳೆಯುವಾಗ ನಿವೇಶನಕ್ಕಾಗಿ ಕಾದ ಸದಸ್ಯನಿಗೆ ವಯಸ್ಸು ಮೀರುವುದು. ಬಾಡಿಗೆಯ ಮನೆಯಲ್ಲಿಯೇ ಅವನ ಮಕ್ಕಳ ಮದುವೆಗಳು ಆಗಿಹೋಗುವುವು. ಮಂಡಳಿಯ ಅಜ್ಞಾನಕ್ಕೆ ದಂಡ ತೆರುವವನು ಅವನೇ.

ಹಾಗಾದರೆ ಕಲಿಯುವುದು ಎಲ್ಲಿ, ಹೇಗೆ? ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳವೂ ಜಿಲ್ಲಾ ಸಹಕಾರ ಯೂನಿಯನ್ನುಗಳೂ ನಿರ್ದೇಶಕರಿಗೆ ತರಬೇತಿ ವರ್ಗಗಳನ್ನು ನಡೆಸುತ್ತವೆ. ಸಂಘಗಳ ನಿವ್ವಳ ಲಾಭದಿಂದ ಸಹಕಾರ ಶಿಕ್ಷಣ ನಿಧಿಗೆ ವಂತಿಗೆ ಸಲ್ಲುವುದು. ಹಣವನ್ನು ಕೊಟ್ಟು ಪಾಠಕ್ಕೆ ಹೋಗದಿರುವುದು ಶುಲ್ಕ ತೆತ್ತು ಶಾಲೆಗೆ ಚಕ್ಕರ್ ಹೊಡೆದಂತೆ. ಅಂತಹ ವರ್ಗಗಳಿಗೆ ಹೊಸಬರನ್ನಷ್ಟೇ ಅಟ್ಟದೆ ಅಧ್ಯಕ್ಷರೂ ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕು. ಖರ್ಚಿಲ್ಲದ ಉಪಾಯಗಳೂ ಉಂಟು. ಪ್ರತಿ ಸಭೆಯಲ್ಲಿ ಉಪವಿಧಿಯ ಒಂದೊಂದು ನಿಯಮವನ್ನು ಓದಿ, ಅದು ಇಂದಿನ ಕಾಯಿದೆಗೆ ಹೊಂದುವುದೇ ಎಂದು ವಿಚಾರಿಸುವುದು. ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗಳನ್ನು ಕಡತದಲ್ಲಿ ಮಲಗಿಸದೆ ಗಟ್ಟಿಯಾಗಿ ಓದಿಸುವುದು. ವರ್ಷಕ್ಕೊಮ್ಮೆ ಬಳ್ಳಾರಿಯ ಮಂಡಳಿಯವರು ಸಿರುಗುಪ್ಪಕ್ಕೂ ಅಲ್ಲಿಯವರು ಇಲ್ಲಿಗೂ ಹೋಗಿ ಒಬ್ಬರ ಪುಸ್ತಕಗಳನ್ನು ಇನ್ನೊಬ್ಬರು ನೋಡುವುದು. ಹಿರಿಯನೊಬ್ಬನು ಕಿರಿಯನೊಬ್ಬನಿಗೆ ಕೆಲಸವನ್ನು ಕಲಿಸಿ, ತನ್ನ ಸ್ಥಾನವನ್ನು ತೆರವು ಮಾಡಲು ಸಿದ್ಧನಾಗುವುದು. ಈ ಕೊನೆಯದು ಎಲ್ಲಕ್ಕಿಂತ ಕಠಿಣವಾದ ಪಾಠವು.

ಮಂಡಳಿಗಳಲ್ಲಿ ಸ್ತ್ರೀಯರಿಗೂ ಸ್ಥಾನಗಳನ್ನು ಕಾದಿರಿಸಿದೆ. ಆದರೆ ನಡವಳಿಯ ಪುಸ್ತಕವನ್ನು ಅವರ ಮನೆಗೆ ಕಳುಹಿಸಿ ರುಜು ಹಾಕಿಸಿಕೊಂಡು ಬರುವ ಪದ್ಧತಿಯು ಎಲ್ಲಿದ್ದರೂ ಅದು ನಿಲ್ಲತಕ್ಕದ್ದು. ಮನೆಯ ಆಯವ್ಯಯವನ್ನು ಕಾಸು ಕಾಸಿಗೆ ತೂಗುವ ಗೃಹಿಣಿಗೆ ಅಢಾವೆ ಪತ್ರಿಕೆಯನ್ನು ಕಲಿಸುವುದು ಏನೂ ಕಷ್ಟವಲ್ಲ. ಓದದೆ ರುಜು ಮಾಡೆನೆಂದು ಆಕೆ ಹಟ ಹಿಡಿದರೆ, ಅದೇ ಮಂಡಳಿಗೆ ಉತ್ತಮವಾದ ಪಾಠವಾಗುವುದು.

ವಾಚಕರಲ್ಲಿ ಸದಸ್ಯರಾಗಿರುವವರಿಗೆ ನಮ್ಮ ಬಿನ್ನಹವಿಷ್ಟೇ. ವಾರ್ಷಿಕ ಮಹಾಸಭೆಯಲ್ಲಿ ಉಪಾಹಾರವನ್ನು ಮುಗಿಸಿ ಮನೆಗೆ ಹೊರಡುವ ಮುನ್ನ ಎದ್ದು ನಿಂತು, “ಈ ವರ್ಷ ನಮ್ಮ ನಿರ್ದೇಶಕರು ಏನನ್ನು ಹೊಸದಾಗಿ ಕಲಿತರು?” ಎಂದು ವಿನಯದಿಂದ ಕೇಳಿರಿ. ಉತ್ತರವು ದೊರೆಯದಿದ್ದರೆ ಮರುವರ್ಷವೂ ಕೇಳಿರಿ. ನೀವು ಕಟ್ಟಿದ ಹಣವು ಆ ಪ್ರಶ್ನೆಯ ಅಧಿಕಾರವನ್ನು ನಿಮಗೆ ಕೊಟ್ಟಿದೆ.